ಬಿಡುಗಡೆಯಾಗದ ನಮ್ಮ ಹಾಡುಗಳು ಊರೆಲ್ಲ ತಿರುಗಿದ್ದು

ಕಳವಾದ ವಸ್ತು ಮತ್ತೆ ಕಣ್ಣಿಗೆ ಬೀಳುವುದಿಲ್ಲ ಅಂತಾರೆ. ನಮ್ಮದು ಮಾತ್ರ ಹೋದಲ್ಲೆಲ್ಲ ಎದುರಾಗುತ್ತಲೇ ಉಂಟು. ಬಸ್ಸು ಹತ್ತಿದರೆ ಬಸ್ಸಿನಲ್ಲಿ, ಚಾ ಕುಡಿಯಲು ಕೂತರೆ ಪಕ್ಕದ ಮೇಜಿನವರ ಮೊಬೈಲಿನಲ್ಲಿ.

ನಾನು ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಬಿಡುವಾದಾಗ ಗಿಟಾರ್ ನುಡಿಸುತ್ತೇನೆ. ಟಯರ್ ಅಂಗಡಿಯ ಗೆಳೆಯನೊಬ್ಬ ಡ್ರಮ್ ಬಾರಿಸುತ್ತಾನೆ. ಗದ್ದೆಯಲ್ಲಿ ನಾಟಿ ಮಾಡುವಾಗ ಹಾಡುವ ತುಳು ಹಾಡುಗಳಿಗೆ ರಾಕ್ ಸಂಗೀತ ಕೂಡಿಸಬೇಕೆಂಬುದು ನಮ್ಮಿಬ್ಬರ ಹುಚ್ಚು. ಕಾಣಿಯೂರಿನ ಒಬ್ಬರು ಅಜ್ಜಿ ಹಾಡಲು ಒಪ್ಪಿದರು. ಅವರ ಜಗಲಿಯಲ್ಲೇ ಕೂತು ರೆಕಾರ್ಡ್ ಮಾಡಿಕೊಂಡು ಬಂದು, ಆಮೇಲೆ ಗಿಟಾರು, ಡ್ರಮ್ಮು ಸೇರಿಸಿದೆವು. ಅಜ್ಜಿಯದ್ದು ಒಂದೇ ಷರತ್ತು: "ಮೊದಲು ನನಗೆ ಕೇಳಿಸಬೇಕು. ಮತ್ತೆ ಊರಿಗೆ."

ಆಯಿತು ಅಂದೆವು. ಆದರೆ ಗೆಳೆಯನ ಪ್ರಕಾರ ಡ್ರಮ್ ಸಾಲದು, ನನ್ನ ಪ್ರಕಾರ ಜಾಸ್ತಿ. ಆ ಚರ್ಚೆ ಮುಗಿಯದೆ ಆಲ್ಬಮ್ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಹಾಡುಗಳಿದ್ದ ಲ್ಯಾಪ್‌ಟಾಪ್ ಕೆಟ್ಟು ರಿಪೇರಿಗೆ ಹೋಯಿತು. ಲ್ಯಾಪ್‌ಟಾಪ್ ಸರಿಯಾಗಿ ಮನೆಗೆ ಬರುವ ಮೊದಲೇ ಹಾಡುಗಳು ಊರು ಸೇರಿಯಾಗಿತ್ತು. ಯಾರ ಕೆಲಸ ಅಂತ ಇಂದಿಗೂ ಗೊತ್ತಿಲ್ಲ.

ಬಸ್ಸಿನ ಕೋಳಿ

ಮೊದಲ ಸಲ ಕೇಳಿದ್ದು ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ. ಡ್ರೈವರ್ ಪೆನ್‌ಡ್ರೈವ್ ಸಿಕ್ಕಿಸಿದ್ದೇ ನನ್ನ ಗಿಟಾರು! ಕಳವಾಯಿತಲ್ಲ ಎಂಬ ಸಿಟ್ಟು ಒಂದು ಕಡೆ, ಬಸ್ಸಿಡೀ ಕೇಳುತ್ತಾ ಉಂಟಲ್ಲ ಎಂಬ ಖುಷಿ ಇನ್ನೊಂದು ಕಡೆ. ಇದು ನಮ್ಮದೇ ಹಾಡು ಅಂತ ಪಕ್ಕದವರಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೋಳಿ ಕೂಗಿತು.

ಅಜ್ಜಿಯ ಜಗಲಿಯಲ್ಲಿ ಕೂಗಿದ ಹುಂಜ ಅದು. ಹಾಡಿನೊಳಗೇ ಉಳಿದುಬಿಟ್ಟಿತ್ತು. ಜನ ಸೀಟಿನ ಅಡಿಗೆ ಬಗ್ಗಿ ಹುಡುಕಲು ಶುರು ಮಾಡಿದರು. ಕಂಡಕ್ಟರ್ ಸೀದಾ ನನ್ನ ಹತ್ತಿರ ಬಂದ. ಕಾಲಬುಡದಲ್ಲಿ ನನ್ನ ಚೀಲ ಇತ್ತು.

"ಕೋಳಿಗೆ ಟಿಕೆಟ್ ಮಾಡಿದ್ದೀರಾ?"

"ನನ್ನ ಹತ್ರ ಕೋಳಿ ಇಲ್ಲ ಮಾರಾಯ್ರೆ. ಅದು ಹಾಡಿನಲ್ಲಿ ಇರುದು."

"ಹಾಡಿನಲ್ಲಿ ಕೋಳಿಯಾ?" ಅಂತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಚೀಲ ಬಿಚ್ಚಿ ಕನ್ನಡಕದ ಫ್ರೇಮುಗಳನ್ನು ತೋರಿಸಿದೆ. ಅಷ್ಟರಲ್ಲಿ ಸ್ಪೀಕರಿನಲ್ಲಿ ಹುಂಜ ಇನ್ನೊಮ್ಮೆ ಕೂಗಿ ನನ್ನ ಮಾನ ಉಳಿಸಿತು. ಕಂಡಕ್ಟರ್ ಮೇಲೆ ನೋಡಿ, "ಹಾಡುವಾಗ ಕೋಳಿಯನ್ನು ಹೊರಗೆ ಹಾಕ್ಲಿಕ್ಕೂ ಗೊತ್ತಿಲ್ಲದವರು! ಯಾವ ಬೇವಾರ್ಸಿಗಳೋ!" ಅಂದ.

"ಹೌದೌದು, ಯಾರೋ ಏನೋ" ಅಂತ ನಾನೂ ಎಲ್ಲರ ಜೊತೆ ನಕ್ಕೆ.

ಒರಿಜಿನಲ್ಲಾ, ಡೂಪ್ಲಿಕೇಟಾ?

ಗೆಳೆಯನಿಗೆ ವಿಷಯ ಗೊತ್ತಾದದ್ದೇ ಕೆಂಡವಾದ. ಸುಳ್ಯದ ಒಂದು ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ ಅಂತ ಸುದ್ದಿ ಸಿಕ್ಕಿತು. "ಇವತ್ತು ಅಲ್ಲಿ ಒಂದೋ ಅವ, ಇಲ್ಲ ನಾನು" ಅಂತ ಹೊರಟ. ಹೊಡೆದಾಟ ಆದರೆ ಬಿಡಿಸಲಿಕ್ಕೆ ಅಂತ ನಾನೂ ಹೋದೆ.

ಅಂಗಡಿಯವರು ಬಹಳ ಮರ್ಯಾದೆಯ ಮನುಷ್ಯ. ಹಾಡಿನ ಹೆಸರು ಹೇಳಿದ ಕೂಡಲೇ, "ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಸಾಕಾ?" ಅಂತ ಕೇಳಿದರು.

ಬಿಡುಗಡೆಯೇ ಆಗದ ಹಾಡಿಗೆ ಒರಿಜಿನಲ್ ಎಲ್ಲಿಂದ! "ಎಂತ ವ್ಯತ್ಯಾಸ?" ಅಂದೆ.

"ಒರಿಜಿನಲ್‌ನಲ್ಲಿ ಹಾಡಿನ ನಡುವೆ ಡ್ರಮ್ ಸಾಲದು, ಜಾಸ್ತಿ ಅಂತ ಇಬ್ಬರು ಬೈದುಕೊಳ್ಳುದುಂಟು. ಡೂಪ್ಲಿಕೇಟ್‌ನಲ್ಲಿ ಅದನ್ನು ತೆಗೆದಿದ್ದಾರೆ. ಜನ ಕೇಳುದು ಒರಿಜಿನಲ್ಲೇ."

ಗೆಳೆಯ ಅಂಗಿಯ ತೋಳು ಮಡಚಿ ಮುಂದೆ ಬಂದ. ಅಷ್ಟರಲ್ಲಿ ಅಂಗಡಿಯವರು ಹಾಡು ಹಾಕಿ ತಲೆ ಆಡಿಸುತ್ತಾ, "ಈ ಡ್ರಮ್ಮಿನವನ ಕೈ ನೋಡಿ ಮಾರಾಯ್ರೆ! ಅವ ಯಾರು ಅಂತ ಗೊತ್ತಾದ್ರೆ ಒಮ್ಮೆ ಕೈ ಮುಗಿಯಬೇಕು" ಅಂದರು.

ಗೆಳೆಯನ ತೋಳು ಕೆಳಗೆ ಇಳಿಯಿತು. ಸದ್ಯ ಹೊಡೆದಾಟ ತಪ್ಪಿತು ಅಂತ ನಾನು ಉಸಿರು ಬಿಟ್ಟು ಪಕ್ಕದ ಹೋಟೆಲಿಗೆ ಚಾ ಹೇಳಲು ಹೋದೆ. ಮರಳಿ ಬರುವಾಗ ಇಬ್ಬರೂ ಕಂಪ್ಯೂಟರಿನ ಮುಂದೆ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು.

"ಎಂತ ಮಾಡ್ತಿದ್ದಿ?" ಅಂದೆ.

"ಇವರ ಕಾಪಿಯಲ್ಲಿ ಡ್ರಮ್ ಸಾಲದು" ಅಂದ. "ನನ್ನ ಮೊಬೈಲಿನಲ್ಲಿ ಜಾಸ್ತಿ ಇಟ್ಟದ್ದು ಒಂದುಂಟಲ್ಲ, ಅದನ್ನು ಕೊಡ್ತಾ ಇದ್ದೇನೆ."

ಆನೆ ಕೇಳಿದ ಹಾಡು

ಗುತ್ತಿಗಾರಿನ ಒಬ್ಬರು ಕೃಷಿಕರು ಕನ್ನಡಕ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದರು. ಗೋಡೆಯಲ್ಲಿ ತೂಗುಹಾಕಿದ ಗಿಟಾರ್ ನೋಡಿ, "ಇದೇ ಶಬ್ದ! ನಮ್ಮ ಬಾಳೆ ಉಳಿಸಿದ್ದು ಇದೇ" ಅಂದರು.

ಅವರ ತೋಟಕ್ಕೆ ಒಂದು ಒಂಟಿ ಆನೆ ಬರುತ್ತಿತ್ತಂತೆ. ಪಟಾಕಿಗೆ ಹೆದರಲಿಲ್ಲ, ಡಬ್ಬ ಬಡಿದರೂ ಜಗ್ಗಲಿಲ್ಲ. ಕೊನೆಗೆ ಯಾರೋ ಕೊಟ್ಟ ಪೆನ್‌ಡ್ರೈವನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಹಾಕಿದರಂತೆ. ಆನೆ ಒಂದು ಹಾಡು ನಿಂತು ಕೇಳಿತು, ಎರಡನೆಯದು ಶುರುವಾದದ್ದೇ ತಿರುಗಿ ಕಾಡಿಗೆ ನಡೆಯಿತು.

ಎರಡನೆಯದರಲ್ಲೇ ನನ್ನ ದೊಡ್ಡ ಗಿಟಾರ್ ಸೋಲೋ ಇರುವುದು. ಬೇಸರ ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಹೇಗೂ ಒಬ್ಬರ ಬೆಳೆ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

"ಹಾಗಾದ್ರೆ ದಿನಾ ಹಾಕ್ತೀರಾ?" ಅಂದೆ.

"ಇಲ್ಲಪ್ಪ, ನಿಲ್ಲಿಸಿದೆ. ಪಕ್ಕದ ತೋಟದವರು ಬಂದು ಕೈಮುಗಿದರು. ಆನೆಯಾದ್ರೆ ವಾರಕ್ಕೊಮ್ಮೆ ಬರುದು, ಇದು ದಿನಾ ಉಂಟಲ್ಲ ಮಾರಾಯ್ರೆ ಅಂತ."

ಇದು ಯಾರು?

ಇಷ್ಟೆಲ್ಲ ಆಗುವಾಗಲೂ ನನ್ನ ಎದೆಯಲ್ಲಿ ಒಂದು ಭಯ ಕೂತೇ ಇತ್ತು. ಅಜ್ಜಿಗೆ ಕೊಟ್ಟ ಮಾತು. ಅವರಿಗೆ ಕೇಳಿಸುವ ಮೊದಲೇ ಊರಿಡೀ ಕೇಳಿಯಾಗಿತ್ತು. ನಾವು ಕೊಟ್ಟದ್ದಲ್ಲ ಅಂದರೆ ನಂಬುತ್ತಾರಾ?

ಒಂದು ದಿನ ಅಜ್ಜಿಯ ಮಗಳು ಫೋನ್ ಮಾಡಿದರು. "ಅಮ್ಮ ನಿಮ್ಮಿಬ್ಬರನ್ನೂ ಬರ್ಲಿಕ್ಕೆ ಹೇಳಿದ್ದಾರೆ. ಯಾರೋ ಪೆನ್‌ಡ್ರೈವ್ ತಂದುಕೊಟ್ಟರು, ಕೇಳಿದರು."

"ಎಂತ ಹೇಳಿದ್ರು?"

"ಎಂತದ್ದೂ ಹೇಳ್ಲಿಲ್ಲ. ಬೆಳಿಗ್ಗೆಯಿಂದ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿ ಕೇಳ್ತಾ ಇದ್ದಾರೆ."

ಕಿತ್ತಳೆ, ದ್ರಾಕ್ಷಿ ಹಿಡಿದುಕೊಂಡು ಹೋದೆವು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಹಣ್ಣಿನ ಕಡೆ ನೋಡಲೇ ಇಲ್ಲ. ಮಗಳಿಗೆ ಕಣ್ಸನ್ನೆ ಮಾಡಿದರು, ಅವರು ಹಾಡು ಹಾಕಿದರು. ಒಂದು ನುಡಿ ಮುಗಿದದ್ದೇ ಅಜ್ಜಿ ಕೈಯೆತ್ತಿ ನಿಲ್ಲಿಸಿದರು.

"ಇದು ಯಾರು?"

"ನೀವೇ ಅಲ್ವಾ ಅಜ್ಜಿ?" ಅಂದೆ.

"ಸುಳ್ಳು! ನನ್ನ ಸ್ವರ ನನಗೆ ಗೊತ್ತಿಲ್ವಾ? ಇದು ಬೆಟ್ಟಂಪಾಡಿಯಲ್ಲಿ ಇರುವ ನನ್ನ ತಂಗಿ. ನನ್ನದನ್ನು ತೆಗೆದು ಅವಳಿಂದ ಹಾಡಿಸಿದ್ದೀರಿ!"

ಸಿಟ್ಟು ಬೇರೆಯೇ ಕಡೆಗೆ ಹೊರಟದ್ದು ನೋಡಿ ಗೆಳೆಯನಿಗೆ ಎಷ್ಟು ನಿರಾಳವಾಯಿತೆಂದರೆ ಅವನು ಒಂದು ಕಿತ್ತಳೆ ಸುಲಿಯಲು ಶುರು ಮಾಡಿದ. ನಾನು ಆಣೆ ಹಾಕಿದೆ. ಅಜ್ಜಿ ಕೇಳಲಿಲ್ಲ.

"ಅದೂ ಹೇಗೆ ಹಾಡಿದ್ದಾಳೆ ನೋಡಿ! ಎರಡನೇ ನುಡಿಯಲ್ಲಿ ಆ ಎಳೆತ ಎಂತದು? ಬಾವಿಯಿಂದ ಕೊಡ ಎಳೆದ ಹಾಗೆ! ಚಿಕ್ಕಂದಿನಿಂದಲೂ ಅವಳದ್ದು ಹಾಗೇ. ಫೋನ್ ಮಾಡು ಅವಳಿಗೆ."

ಮಗಳು ಸ್ಪೀಕರಿನಲ್ಲಿ ಹಾಕಿ ಕೊಟ್ಟರು. ಆ ಕಡೆಯಿಂದ "ಹಲೋ" ಬರುವ ಮೊದಲೇ ಅಜ್ಜಿ ಗುಡುಗಿದರು. "ನನಗೆ ಗೊತ್ತಿಲ್ಲದ ಹಾಗೆ ಹಾಡಿ ಬಂದೆಯಾ?"

ಫೋನಿನಲ್ಲಿ ತಂಗಿಯ ಸ್ವರ ಬಂತು.

"ನಾನಾ? ಅದು ನೀನಲ್ವಾ ಅಕ್ಕ? ಇಲ್ಲಿ ಎಲ್ಲರೂ ಕೇಳಿ ಕೇಳಿ ಹೊಗಳುದು. ಎರಡನೇ ನುಡಿಯಲ್ಲಿ ಆ ಎಳೆತ ಉಂಟಲ್ಲ, ಅದು ನನಗೆ ಈ ಜನ್ಮದಲ್ಲಿ ಬರ್ಲಿಕ್ಕಿಲ್ಲ. ಹೊಟ್ಟೆ ಉರಿದು ನಿನಗೆ ಫೋನೇ ಮಾಡ್ಲಿಲ್ಲ ನೋಡು."

ಅಜ್ಜಿ ಫೋನನ್ನು ನಿಧಾನವಾಗಿ ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡರು. ನಮ್ಮಿಬ್ಬರನ್ನೂ ನೋಡಿ ಹೇಳಿದರು:

"ನಾನು ಆಗಲೇ ಹೇಳ್ಲಿಲ್ವಾ, ಆ ಎಳೆತ ಬೇರೆ ಯಾರಿಗೂ ಬರ್ಲಿಕ್ಕಿಲ್ಲ ಅಂತ?"