ಓಣಿಗೆಲ್ಲಾ ಅಡ್ಮಿಶನ್ ಹೇಳಿಕೊಟ್ಟಿದ್ದು

ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಕ್ಕೆ ಧೈರ್ಯ ಬೇಕು. ನಂಗದು ಹುಟ್ಟಿದಾಗಿಂದ್ಲೂ ಇಲ್ಲ. ಪಿಯುಸಿ ರಿಸಲ್ಟ್ ಬಂದಾಗ ಹರಿಹರದ ನಮ್ಮ ಓಣಿಯಾಗೆ ಡಿಗ್ರಿ ಸೇರೋರು ಆರು ಜನ ಇದ್ವಿ. ದಾವಣಗೆರೆಯ ಸರ್ಕಾರಿ ಯೂನಿವರ್ಸಿಟಿಗೆ ಅರ್ಜಿ ಹೆಂಗೆ ಹಾಕದು ಅಂತ ಎಲ್ರೂ ತಲೆ ಕೆರ್ಕಂತಿದ್ರು. 'ಅಷ್ಟೇನಾ? ನಾ ಹಾಕ್ತೀನಿ, ಬರ್ರಿ' ಅಂದ್ಬಿಟ್ಟೆ. ಆ ವೆಬ್‌ಸೈಟ್ ನಾನೂ ಅವತ್ತೇ ಮೊದ್ಲು ನೋಡಿದ್ದು. ಆದ್ರೆ ರೋಸ್ಟರ್, ಮೆರಿಟ್, ಮೈಗ್ರೇಶನ್ ಅಂತ ಮೂರು ಮಾತು ನಡುನಡುವೆ ಹಾಕಿದ್ರೆ ಸಾಕು, ದೊಡ್ಡೋರು ಸುಮ್ನಾಗಿ ಚಾ ತರ್ತಾರೆ. ಪಕ್ಕದ ಮನೆ ಗಂಗಮ್ಮತ್ತೆ ನನ್ನ 'ಸರ್' ಅನ್ನಕ್ಕೆ ಹತ್ತಿದ್ಲು. ನಾನೂ ಬ್ಯಾಡ ಅನ್ಲಿಲ್ಲ. ಆ ಆರರಾಗೆ ಒಬ್ಬಳು ಅವಳ ಮಗಳು ರೇಖಾ. ಅವಳು ಮಾತ್ರ, 'ಸರ್, ಮೈಗ್ರೇಶನ್ ಅಂದ್ರೇನ್ರಿ?' ಅಂದ್ಲು. 'ಅದು ಆಮೇಲೆ ಬರ್ತೈತೆ' ಅಂದೆ.

ಅರ್ಜಿಗೊಂದು ಫೋನ್ ನಂಬರ್ ಬೇಕಲ್ಲ, ಎಲ್ಲಾದಕ್ಕೂ ನಂದೇ ಹಾಕಿದೆ. ಉಳಿದ ಐದು ಜನರ ಅರ್ಜಿ ನಂಬರ್ ಕ್ಯಾಲೆಂಡರ್ ಹಿಂದೆ ಬರ್ಕಂಡೆ. ಒಂದು ಸಂಜೆ ಆರು ಮೆಸೇಜ್ ಬಂದ್ವು. ಹೆಸರಿಲ್ಲ, ಅರ್ಜಿ ನಂಬರ್ ಅಷ್ಟೆ: ನಾಳೆ ಹನ್ನೊಂದಕ್ಕೆ ಒರಿಜಿನಲ್ ದಾಖಲೆ ತರಬೇಕು, ತರದಿದ್ರೆ ಸೀಟು ಮುಂದಿನವರಿಗೆ. ಐದು ನಂಬರ್ ಕ್ಯಾಲೆಂಡರ್‌ಗೆ ಹೊಂದಿದ್ವು. ಆರನೇದು ಹೊಂದಲಿಲ್ಲ. 'ಯಾವನೋ ಪೆದ್ದ ತನ್ ನಂಬರ್ ಬಿಟ್ಟು ನಂದು ಕೊಟ್ಟಾನೆ' ಅಂತ ಐದೂ ಮನ್ಯಾಗೆ ಹೇಳಿ ನಗಿಸಿ ಬಂದೆ.

'ನಿಂದು ಯಾವಾಗ?' ಅಂದ್ಲು ರೇಖಾ.

'ನಂದು ಮೆರಿಟ್ ಜಾಸ್ತಿ. ಬ್ಯಾರೆ ಲಿಸ್ಟ್‌ನಾಗೆ ಬರ್ತೈತೆ.'

ಮರುದಿನ ಐದು ಜನರನ್ನ ಬಸ್ ಹತ್ತಿಸ್ಕಂಡು, ಕೈಬೀಸ್ಕಂಡು ನಾನೂ ಹೋದೆ. ಐದೂ ಜನರದು ಸಲೀಸಾಗಿ ಮುಗೀತು. ಆಮೇಲೆ ಕೌಂಟರಿನಾಗಿನ ಕ್ಲರ್ಕ್ ಕೂಗಿದ್ದು ನನ್ ಹೆಸರು.

'ಒರಿಜಿನಲ್ ಎಲ್ಲಪ್ಪಾ?'

'ಮನ್ಯಾಗವೆ ಸರ್.'

'ಹಂಗಾದ್ರೆ ಸೀಟು ಮನೀಗೆ ಕೊಡ್ಲಾ? ನಾಲ್ಕರೊಳಗೆ ತಾ. ಆಮೇಲೆ ನನ್ ಕೈಯಾಗಿಲ್ಲ.'

ರೇಖಾ ನನ್ ಫೋನ್ ಇಸ್ಕಂಡು ಆ ಆರನೇ ಮೆಸೇಜ್ ನೋಡಿದ್ಲು. 'ಪೆದ್ದ ಸಿಕ್ಕ' ಅಂದ್ಲು. 'ನಿಂತ್ಕಬ್ಯಾಡ, ನಿಮ್ಮವ್ವಗೆ ಫೋನ್ ಮಾಡು. ಬಸ್ಸಿನೋರ ಕೈಯಾಗೆ ಕಳಿಸ್ಲಿ' ಅಂದ್ಲು. ಹರಿಹರದಿಂದ ಊಟದ ಡಬ್ಬಿ ದಿನಾ ಹಂಗೇ ಬರ್ತಾವೆ, ಕಂಡಕ್ಟರ್ ಸೀಟಿನ ಪಕ್ಕ ಕೂತ್ಕಂಡು.

'ಯಾವ್ಯಾವ ಕಾಗದ ಇಡ್ಲೋ?' ಅಂದ್ಲು ಅವ್ವ. ಹದಿನೈದು ದಿನ ಓಣಿಗೆಲ್ಲಾ ಇದನ್ನೇ ಪಾಠ ಮಾಡಿದೋನಿಗೆ ಒಂದೂ ನೆನಪಾಗ್ಲಿಲ್ಲ. 'ಇರೋದೆಲ್ಲಾ ಇಡು' ಅಂದೆ.

ಅವ್ವ ಮಾತಿಗೆ ತಪ್ಪೋಳಲ್ಲ. ಮೂರೂವರೆಗೆ ಕಂಡಕ್ಟರ್ ಕೊಟ್ಟ ಚೀಲದಾಗೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಗ್ಯಾಸಿನ ಪುಸ್ತಕ, ನಾ ಕೂಸಿದ್ದಾಗಿನ ಪೋಲಿಯೋ ಚೀಟಿ, ಎಲ್ಲಾ ಇದ್ವು. ಆಫೀಸಿನ ಮೆಟ್ಲ ಮೇಲೆ ಕೂತು ರೇಖಾ ಆರಿಸಿದ್ಲು. 'ಇದು ಟಿ.ಸಿ., ಇದು ಮಾರ್ಕ್ಸ್ ಕಾರ್ಡು, ಇದು ಜಾತಿ-ಆದಾಯದ್ದು. ಕರೆಂಟ್ ಬಿಲ್ ಒಳಗಿಡ್ರಿ, ಸರ್.' ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಸೀಲು ಬಿತ್ತು.

ಸಂಜೆ ಅಪ್ಪ, 'ಎಲ್ರದೂ ಆತೇನೋ?' ಅಂದ. 'ಆರಕ್ಕೆ ಆರೂ ಮಾಡಿಸ್ಕಂಡ್ ಬಂದೆ' ಅಂದೆ. ರೇಖಾ ಬಾಗಿಲಾಗೇ ನಿಂತಿದ್ಲು, ಪಿಟಕ್ ಅನ್ನಲಿಲ್ಲ. ಅಂದುಬಿಟ್ಟಿದ್ರೆ ಅವತ್ತಿಗೇ ಮುಗೀತಿತ್ತು. ಈಗ ಮೂರು ವರ್ಷ ಅದೇ ಬಸ್ಸು, ಅದೇ ಕ್ಲಾಸು, ಅವಳು ನನ್ ಹಿಂದಿನ ಬೆಂಚು. ಸೀಟು ಸಿಕ್ಕೈತೆ ನಿಜ, ಕೂಡೋದೇ ಕಷ್ಟ ಆಗೈತೆ.