ಬೂಷ್ಟು ಬಿಡಿಸಿದ ಕನ್ನಡಕದವರು

ಬಚ್ಚಲುಮನೆಯ ಗೋಡೆಯಲ್ಲಿ, ಶವರಿನ ಪಕ್ಕ, ಮೊದಲ ಕಪ್ಪು ಚುಕ್ಕೆ ಕಂಡಾಗ ಕನ್ನಡಕದಂಗಡಿಯವನು ಅದನ್ನು ಸೊಳ್ಳೆ ಎಂದುಕೊಂಡು ಚಪ್ಪಲಿಯಿಂದ ಹೊಡೆದಿದ್ದ. ಅದು ಸಾಯಲೂ ಇಲ್ಲ, ಹಾರಲೂ ಇಲ್ಲ. ಅಲ್ಲೇ ಸಂಸಾರ ಹೂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳ ಸಮೇತ ಚಾವಣಿ ಮುಟ್ಟಿತ್ತು.

ಅಂಗಡಿಗೆ ವಾರದ ರಜೆಯಿದ್ದ ದಿನ ಬೆಳಗ್ಗೆ ಮನೆಯೊಡತಿ ಮೇಲೆ ಬಂದರು. ಅವರ ವಾಸ ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ. ನಲ್ಲಿ ಸೋರುತ್ತಿದೆಯೇ ನೋಡಲು ಬಂದವರು ಗೋಡೆ ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಏನಪ್ಪಾ ಇದು, ಗೋಡೆಗೆ ಗಡ್ಡ ಬಂದಿದೆಯಲ್ಲ! ಸಂಜೆ ಬಂದು ನೋಡ್ತೀನಿ. ಬೂಷ್ಟು ಹೋಗಿದ್ರೆ ಇರಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ."

ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತು ತನ್ನ ಪಾಲಿನದನ್ನೂ ಹೇಳಿದಳು. "ಊರಿಗೆಲ್ಲ ಕಣ್ಣು ಕಾಣಿಸೋ ಹಾಗೆ ಮಾಡ್ತೀರಿ, ಮನೇಲಿರೋದು ಮಾತ್ರ ನಿಮಗೆ ಕಾಣಲ್ಲ. ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿ ಅಂಗಡಿ, ರಸ್ತೆ ದಾಟಿದ್ರೆ ಮಗಳ ಶಾಲೆ. ಇಂಥ ಮನೆ ಬಿಟ್ಟು ಎಲ್ಲಿಗ್ರೀ ಹೋಗೋದು?"

ಕನ್ನಡಕದವನು ಲುಂಗಿ ಎತ್ತಿ ಕಟ್ಟಿದ. ತಲೆಗೆ ಟವೆಲ್ ಸುತ್ತಿದ. "ಈ ಬಚ್ಚಲಲ್ಲಿ ಒಂದೋ ಅದಿರಬೇಕು, ಇಲ್ಲ ನಾನಿರಬೇಕು" ಎಂದು ಒಬ್ಬನೇ ಶಪಥ ಮಾಡಿದ.

ಒಣ ಬ್ರಷ್ಷಿನಿಂದ ಗೋಡೆಯನ್ನು ಒಮ್ಮೆ ಉಜ್ಜಿದನೋ ಇಲ್ಲವೋ, ಕಪ್ಪು ಪುಡಿ ಮೂಗಿಗೆ ನುಗ್ಗಿತು. ಅವನು ಸೀನಿದ ಅಬ್ಬರಕ್ಕೆ ಎದುರುಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆ ಕೈಯಲ್ಲಿ ಹಿಡಿದೇ ಓಡಿ ಬಂದರು.

"ಒಣಗಿದ್ದನ್ನ ಉಜ್ಜಬಾರದು ಕಣಯ್ಯಾ, ಮನೆಯೆಲ್ಲ ಹಾರುತ್ತೆ. ಮೊದಲು ಒದ್ದೆ ಮಾಡು. ಆಮೇಲೆ ಬ್ಲೀಚ್ ಹಾಕು. ತಾಳು, ನಮ್ಮನೇಲಿದೆ, ತರ್ತೀನಿ."

ಅವರು ಅತ್ತ ಹೋಗುತ್ತಲೇ ಮೇಲಿನ ಮಹಡಿಯ ಅಜ್ಜಿ ಇತ್ತ ಇಳಿದು ಬಂದರು. ಕೈಯಲ್ಲಿ ವಿನೆಗರ್ ಬಾಟಲಿ. "ಆ ಮೇಷ್ಟ್ರ ಮಾತು ಕೇಳ್ಬೇಡ ಮಗಾ. ಬೂಷ್ಟಿಗೆ ಹುಳಿಯೇ ಯಮ" ಎನ್ನುತ್ತ, ಇವನು ಹೂಂ ಅನ್ನುವ ಮೊದಲೇ ಗೋಡೆಗೆ ಪ್ರೋಕ್ಷಣೆ ಮಾಡಿಬಿಟ್ಟರು. ಬಚ್ಚಲುಮನೆ ಉಪ್ಪಿನಕಾಯಿ ಭರಣಿಯಂತೆ ನಾರತೊಡಗಿತು.

ಮೇಷ್ಟ್ರು ಬ್ಲೀಚಿನೊಂದಿಗೆ ಹಿಂದಿರುಗಿದರು. ಇಬ್ಬರ ಮನಸ್ಸನ್ನೂ ನೋಯಿಸಲಾರದ ಕನ್ನಡಕದವನು ಹುಳಿಯ ಮೇಲೇ ಅದನ್ನೂ ಸುರಿಯಲು ಬಾಟಲಿ ಎತ್ತಿದ. ಆದರೆ ಸಣ್ಣ ಅಕ್ಷರ ಎಲ್ಲಿ ಕಂಡರೂ ಓದುವುದು ಅವನ ಕಸುಬಿನ ಚಟ. ಮುಚ್ಚಳ ತೆರೆಯುವ ಮುನ್ನ ಚೀಟಿಯ ಮೇಲೆ ಕಣ್ಣಾಡಿಸಿದವನು ಹಾವು ಹಿಡಿದವನಂತೆ ಬಾಟಲಿಯನ್ನು ದೂರ ಚಾಚಿದ.

"ಮೇಷ್ಟ್ರೇ! ಇದನ್ನ ಹುಳಿ ಜೊತೆ ಬೆರೆಸಿದ್ರೆ ವಿಷದ ಗಾಳಿ ಏಳುತ್ತಂತೆ! ಬೂಷ್ಟು ಉಳಿಯುತ್ತೆ, ನಾವು ಮೂರೂ ಜನ ಹೋಗ್ತೀವಿ!"

ಮೇಷ್ಟ್ರು ಅಜ್ಜಿಯನ್ನು ನೋಡಿದರು. ಅಜ್ಜಿ ಮೇಷ್ಟ್ರನ್ನು ನೋಡಿದರು. "ನಿಮ್ಮದೇ ತಪ್ಪು" ಎಂಬ ಮಾತು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಕನ್ನಡಕದವನು ಬ್ಲೀಚನ್ನು ಮೇಷ್ಟ್ರ ಕೈಗೇ ವಾಪಸು ಕೊಟ್ಟು, ಕಿಟಕಿ ತೆರೆಯಲು ಸ್ಟೂಲು ಹತ್ತಿದ.

ಹಿಂದೆ ಯಾವಾಗಲೋ ಬಣ್ಣ ಬಳಿದವರು ಕಿಟಕಿಯನ್ನೂ ಗೋಡೆಯ ಜೊತೆ ಸೇರಿಸಿಯೇ ಬಳಿದಿದ್ದರು. ಬಿಸಿನೀರಿನ ಹಬೆ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಅಲ್ಲಿ ಅಳಿಯನ ಹಾಗೆ ಉಂಡು ಬೆಳೆದಿತ್ತು. ಅವನು ಅಂಗೈಯಲ್ಲಿ ಗುದ್ದಿದ, ಭುಜದಲ್ಲಿ ನೂಕಿದ, ಹಲ್ಲು ಕಚ್ಚಿ ಹಣೆಯನ್ನೇ ಕೊಟ್ಟ. ಫಟ್ಟನೆ ತೆರೆದುಕೊಂಡಿತು! ಅದೇ ರಭಸಕ್ಕೆ ಮೂಗಿನ ಮೇಲಿದ್ದ ಕನ್ನಡಕ ಕಿಟಕಿಯಾಚೆ ಹಾರಿತು. ತಡವರಿಸಿ ಹಿಡಿದುಕೊಂಡದ್ದು ಶವರಿನ ತಿರುಪನ್ನು. ಅದು ಕೈಗೇ ಬಂತು. ನೀರು ಧೋ ಎಂದು ಮೂವರ ಮೇಲೂ ಸುರಿಯಿತು.

ಅಜ್ಜಿ ಒದ್ದೆ ಬೆಕ್ಕಿನಂತೆ ಹೊರಗೋಡಿದರು. ಮೇಷ್ಟ್ರು ಪತ್ರಿಕೆಯನ್ನು ತಲೆಗೆ ಹಿಡಿದರು. ಹೇಗೋ ನೀರು ನಿಲ್ಲಿಸಿದ ಕನ್ನಡಕದವನಿಗೆ ಈಗ ಗೋಡೆ ಯಾವುದು, ಮೇಷ್ಟ್ರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಆದರೂ ಸೋಲೊಪ್ಪಲಿಲ್ಲ. ಸೋಪಿನ ನೀರಲ್ಲಿ ಬ್ರಷ್ ಅದ್ದಿ ತಿಕ್ಕತೊಡಗಿದ.

"ಸ್ವಲ್ಪ ಎಡಕ್ಕೆ" ಎಂದರು ಮೇಷ್ಟ್ರು.

"ಬಲಕ್ಕೆ ಮಗಾ, ಬಲಕ್ಕೆ! ಮೂಲೇಲಿದೆ ನೋಡು!" ಎಂದು ಅಜ್ಜಿ ಬಾಗಿಲಾಚೆಯಿಂದ ಕೂಗಿದರು.

"ಅಯ್ಯೋ, ಅದು ನನ್ನ ಕಾಲು ಕಣಯ್ಯಾ!"

ಮಧ್ಯಾಹ್ನದ ಊಟ ಮರೆತೇ ಹೋಯಿತು. ತೋಳು ಸೇದುತ್ತಿತ್ತು, ಉಗುರಿನ ಸಂದಿಯೆಲ್ಲ ಕರಿ. ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಕೊನೆಗೆ ಹಳೇ ಪಂಚೆಯಿಂದ ಗೋಡೆ, ನೆಲ, ಮೂಲೆಯನ್ನೆಲ್ಲ ಹನಿಯಿಲ್ಲದಂತೆ ಒರೆಸಿದ. ಕಿಟಕಿಯಿಂದ ಗಾಳಿ ಸುಳಿದು ಒದ್ದೆ ಬನಿಯನ್ನಿಗೆ ತಾಗಿದಾಗ, ಯುದ್ಧ ಗೆದ್ದ ದಣಿವು ಎಂದರೆ ಇದೇ ಎನ್ನಿಸಿತು.

ಹೆಂಡತಿ ಬಂದು ನೋಡಿದಳು. "ಅಬ್ಬಾ, ಇದು ನಮ್ಮದೇ ಬಚ್ಚಲಾ?" ಎಂದಳು. ಮದುವೆಯಾದ ಮೇಲೆ ಅವಳ ದನಿಯಲ್ಲಿ ಅಂಥ ಗೌರವವನ್ನು ಅವನು ಕೇಳಿರಲೇ ಇಲ್ಲ.

ಅಷ್ಟರಲ್ಲಿ ಮನೆಯೊಡತಿ ಮೆಟ್ಟಿಲೇರಿ ಬಂದರು. "ತಗೊಳ್ಳಿ, ನಿಮ್ಮ ಕನ್ನಡಕ ನಮ್ಮ ಗುಲಾಬಿ ಗಿಡಕ್ಕೆ ಏರಿತ್ತು" ಎಂದು ಕೊಟ್ಟು, ಗೋಡೆಯ ಮೇಲೆ ಬೆರಳಾಡಿಸಿದರು. ಮೂಲೆ ನೋಡಿದರು. ಚಾವಣಿ ನೋಡಿದರು. ಮೂಗೆಳೆದು ವಾಸನೆಯನ್ನೂ ನೋಡಿದರು. ಅವರ ಮುಖ ಅರಳಿತು.

"ಭೇಷ್! ಇನ್ನು ನನಗೆ ಯೋಚನೆಯಿಲ್ಲ. ನಮ್ಮೆಜಮಾನ್ರಿಗೆ ಆರು ತಿಂಗಳಿಂದ ಕೆಮ್ಮು. ಬೂಷ್ಟಿಲ್ಲದ ಮನೇಲಿ ಇಡಿ ಅಂದ್ರು ಡಾಕ್ಟ್ರು. ನಾಳೇನೇ ನಾವು ಮೇಲೆ ಬಂದುಬಿಡ್ತೀವಿ."

ಕನ್ನಡಕದವನು ಬಾಗಿಲಿಗೆ ಅಡ್ಡ ನಿಂತ. "ಅಮ್ಮಾ, ಬೂಷ್ಟು ಹೋಗಿದ್ರೆ ಇರಿ ಅಂತ ನೀವೇ ಹೇಳಿದ್ರಿ!"

"ಇರಿ ಅಂದೆ, ಈಗಲೂ ಅದೇ ಹೇಳ್ತೀನಿ. ಇದೇ ಮನೇಲಿ ಅಂದೆನಾ? ನೀವು ನಮ್ಮ ಕೆಳಗಿನ ಮನೇಲಿರಿ. ಅಲ್ಲಿ ಬಚ್ಚಲು ಒಂದೇ ಅಲ್ಲ, ಅಡುಗೆಮನೆ, ನಡುಮನೆ, ಎಲ್ಲ ಕಡೆಯೂ ಬೂಷ್ಟು ಹಿಡಿದಿದೆ. ಆದ್ರೆ ನಿಮ್ಮ ಕೈಗೆ ಅದೆಲ್ಲ ಯಾವ ಲೆಕ್ಕ?"

ಹೆಂಡತಿ ಕುರ್ಚಿ ಹುಡುಕಿಕೊಂಡು ಕುಳಿತಳು. ಕನ್ನಡಕದವನು ಗಾಜು ಒರೆಸಿ ಕನ್ನಡಕ ಏರಿಸಿಕೊಂಡು ಎದೆ ಸೆಟೆಸಿದ. ಒಂದು ಗೋಡೆ ಗೆದ್ದವನಿಗೆ ಒಂದು ಮನೆ ಹೆಚ್ಚೇ?

"ಆಗಲಿ ಅಮ್ಮಾ. ಗಾಳಿ ಆಡಿದ್ರೆ ಎಲ್ಲ ಸರಿಹೋಗುತ್ತೆ. ನಿಮ್ಮ ಬಚ್ಚಲಿನ ಕಿಟಕಿ ಯಾವ ಕಡೆಗಿದೆ?"

"ಕಿಟಕಿನಾ?" ಮನೆಯೊಡತಿ ನಕ್ಕರು. "ಕಿಟಕಿ ಇದ್ದಿದ್ರೆ ನಾನ್ಯಾಕಪ್ಪಾ ಮೇಲೆ ಬರ್ತಿದ್ದೆ?"