ಸೋಮಾರಿ ಬೆರಳು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಬಾಗಿಲು. ಬಾಗಿಲಿನದೇನೂ ತಪ್ಪಿಲ್ಲ ಬಿಡಿ. ತಪ್ಪೆಲ್ಲ ಅದನ್ನು ಹಿಡಿದಿದ್ದ ಟೀಚರಮ್ಮನ ಅಕ್ಕರೆಯದು.

ಮೂರನೇ ಮಹಡಿಯ ಪಿಯಾನೊ ವಾದಕನಿಗೆ ಆ ಕಟ್ಟಡದವರು ಇಟ್ಟ ಹೆಸರು ಟಿಂಗ್‌ಟಾಂಗ್. ಎಂಟನೇ ವಯಸ್ಸಿನಿಂದ ಇಪ್ಪತ್ನಾಲ್ಕು ವರ್ಷ, ದಿನಕ್ಕೆ ಆರು ಗಂಟೆ ಅಭ್ಯಾಸ. ಅದರಲ್ಲಿ ಅರ್ಧ ಆಯುಸ್ಸು ಬಲಗೈಯ ಉಂಗುರ ಬೆರಳೊಂದಕ್ಕೇ ಹೋಗಿತ್ತು. ಪಿಯಾನೊದವರ ಪಾಲಿಗೆ ಆ ಬೆರಳು ಹುಟ್ಟಾ ಸೋಮಾರಿ. ಪಕ್ಕದವರು ಏಳದೆ ತಾನು ಏಳುವುದಿಲ್ಲ. ಅದನ್ನು ದಾರಿಗೆ ತರಲೆಂದು ಅವನ ಪಿಯಾನೊ ಮೇಷ್ಟ್ರು ಉಳಿದ ನಾಲ್ಕು ಬೆರಳುಗಳನ್ನು ಕೀಗಳ ಮೇಲೆ ಅದುಮಿ ಹಿಡಿಸಿ, ಅದೊಂದರಿಂದಲೇ ದಿನಕ್ಕೆ ಸಾವಿರ ಸಲ ಕುಟ್ಟಿಸಿದ್ದರು. ಅದು ಒಂದು ದಿನ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ.

ಇವತ್ತು ದೊಡ್ಡ ಸ್ಪರ್ಧೆಯ ಕೊನೆಯ ಸುತ್ತು. ಗೆದ್ದವರಿಗೆ ನಲವತ್ತು ಊರುಗಳಲ್ಲಿ ಕಛೇರಿ. ಸ್ಪರ್ಧೆಯ ವಯೋಮಿತಿ ಮೂವತ್ತೆರಡು. ಐದು ಸಲ ಸೋತಿದ್ದ ಟಿಂಗ್‌ಟಾಂಗ್‌ಗೆ ಬರುವ ತಿಂಗಳು ಮೂವತ್ಮೂರು ತುಂಬುತ್ತದೆ. ಇದೂ ಕೈತಪ್ಪಿದರೆ ವಾದ್ಯದಂಗಡಿಯಲ್ಲಿ ಗಿರಾಕಿಗಳಿಗೆ ಪಿಯಾನೊ ನುಡಿಸಿ ತೋರಿಸುವ ಈಗಿನ ಕೆಲಸವೇ ಕೊನೆಯವರೆಗೂ ಗತಿ.

ಅವನು ಗೆಲ್ಲಲೆಂದು ಅವನಿಗಿಂತ ಹೆಚ್ಚು ಹಂಬಲಿಸುತ್ತಿದ್ದವರು ನೆರೆಹೊರೆಯವರು. ಕಲಾಪ್ರೇಮ ಅಂದುಕೊಳ್ಳಬೇಡಿ. ನಲವತ್ತು ಊರು ಸುತ್ತಲು ಒಂದು ವರ್ಷ ಬೇಕು. ಆ ವರ್ಷವಿಡೀ ಅವರು ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಹಾಗಾಗಿ ಒಂದು ವಾರದಿಂದ ಇಡೀ ಕಟ್ಟಡ ಅವನ ಬೆರಳುಗಳನ್ನು ಹಸುಗೂಸಿನಂತೆ ಜೋಪಾನ ಮಾಡುತ್ತಿತ್ತು. ಅವನ ಚೀಲವನ್ನು ಒಬ್ಬರು ಹೊತ್ತರೆ ಶೂ ದಾರವನ್ನು ಇನ್ನೊಬ್ಬರು ಕಟ್ಟುತ್ತಿದ್ದರು.

ಬೆಳಗ್ಗೆ ಹತ್ತಕ್ಕೆ ಅವನು ಇಳಿದು ಬಂದು ಕಟ್ಟಡದ ಮುಂಬಾಗಿಲನ್ನು ಅರ್ಧ ತೆಗೆದಿದ್ದ. ನೆಲಮಹಡಿಯ ನಿವೃತ್ತ ಟೀಚರಮ್ಮ ಓಡಿ ಬಂದರು.

"ಅಯ್ಯೋ, ನೀನ್ಯಾಕಪ್ಪ ತೆಗೆದೆ? ನಾನಿದೀನಲ್ಲ."

"ತೆಗೆದಾಯ್ತಲ್ಲ ಟೀಚರಮ್ಮ."

"ಆಗಲ್ಲ. ಮೊದ್ಲು ಹಾಕ್ತೀನಿ ತಡಿ, ಆಮೇಲೆ ನಾನೇ ತೆಗೀತೀನಿ. ನಿನ್ ಬೆರಳಿಗೆ ಏನಾದ್ರೂ ಆದ್ರೆ ಯಾರು ಹೊಣೆ?" ಎಂದವರೇ ಬಾಗಿಲನ್ನು ರಪ್ಪನೆ ಹಾಕಿದರು.

ಹತ್ತು ಬೆರಳುಗಳಲ್ಲಿ ಒಂಬತ್ತು ಚುರುಕಾಗಿ ಹಿಂದೆ ಸರಿದವು. ಸೋಮಾರಿ ಮಾತ್ರ ಬಾಗಿಲ ಸಂದಿಯಲ್ಲೇ ಉಳಿಯಿತು.

ಅವನ ಕೂಗಿಗೆ ಮೂರು ಮಹಡಿಯೂ ಇಳಿದು ಬಂತು. ಒಬ್ಬರು ತಣ್ಣೀರು ಅಂದರು, ಒಬ್ಬರು ಬಿಸಿನೀರು ಅಂದರು, ಎರಡೂ ಬಂದವು. ಎದುರು ಮನೆಯ ಕಾಂಪೌಂಡರ್ ಮಾಮ ಎಲ್ಲರನ್ನೂ ಸರಿಸಿ, ಬೆರಳಿಗೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಗಟ್ಟಿಯಾಗಿ ಸುತ್ತಿ ಕಟ್ಟಿದರು. "ಮೂಳೆ ಮುರಿದಿಲ್ಲ. ಮೂರು ದಿನ ಬಿಚ್ಚಬೇಡ, ಅಲ್ಲಾಡಿಸ್ಬೇಡ."

ಬೆರಳು ಈಗ ಕಂಬದಂತೆ ಸೆಟೆದು ನಿಂತಿತು. ಬಸ್ಸಿನಲ್ಲಿ ಅವನು ಬಾಯಿ ಬಿಡುವ ಮೊದಲೇ ಕಂಡಕ್ಟರ್ ಆ ಬೆರಳನ್ನು ನೋಡಿ ಒಂದು ಟಿಕೆಟ್ ಹರಿದು ಕೊಟ್ಟ.

ಸಭಾಂಗಣದ ಹಿಂಬದಿಯಲ್ಲಿ ಕಾಯುತ್ತಿದ್ದ ಮೇಷ್ಟ್ರು ಆ ಬೆರಳನ್ನು ನೋಡಿ ಕುರ್ಚಿ ಹಿಡಿದು ಕೂತರು. "ಇಪ್ಪತ್ನಾಲ್ಕು ವರ್ಷ ಇದನ್ನ ಎಬ್ಬಿಸೋಕೆ ಒದ್ದಾಡ್ದೆ. ಈಗ ಎದ್ದು ನಿಂತಿದೆ ನೋಡು."

"ವಾಪಸ್ ಹೋಗ್ಬಿಡೋಣ್ವಾ ಮೇಷ್ಟ್ರೇ?"

"ಹೋಗಿ ಏನ್ ಮಾಡ್ತೀಯ? ಒಂಬತ್ತರಲ್ಲೇ ನುಡ್ಸು. ಅದು ಮುಟ್ಬೇಕಾದ ಸ್ವರಗಳನ್ನ ಬಿಟ್ಬಿಡು. ಸೋಲೋದಾದ್ರೆ ವೇದಿಕೆ ಮೇಲೇ ಸೋಲು."

ಅಲ್ಲಿಯ ಪದ್ಧತಿಯೇ ಬೇರೆ. ತೀರ್ಪುಗಾರರು ಕಪ್ಪು ಪರದೆಯ ಆಚೆ ಕೂರುತ್ತಾರೆ. ಈಚೆಗೆ ಕೂತವನಿಗೆ ಹೆಸರಿಲ್ಲ, ನಂಬರ್ ಮಾತ್ರ, ತುಟಿ ಬಿಚ್ಚುವಂತಿಲ್ಲ. ಹಾಗಾಗಿ ತನ್ನ ಪಾಡನ್ನು ಹೇಳಿಕೊಳ್ಳಲೂ ದಾರಿಯಿಲ್ಲದೆ ಹನ್ನೊಂದನೇ ನಂಬರ್ ನುಡಿಸತೊಡಗಿದ. ಓಡುವ ಸ್ವರಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಖಾಲಿ. ಮುಗಿಸಿ ಎದ್ದಾಗ ಅವನಿಗೆ ಅಳು ಬಂದುಬಿಟ್ಟಿತು.

ಸಂಜೆ ಪರದೆ ಸರಿಯಿತು. ಬೆಳ್ಳಿಗೂದಲಿನ ಹಿರಿಯ ತೀರ್ಪುಗಾರ್ತಿ ಎದ್ದು ನಿಂತರು. "ಮೊದಲ ಬಹುಮಾನ, ಹನ್ನೊಂದನೇ ನಂಬರ್. ಈ ಕೃತಿಯನ್ನ ಮೂವತ್ತು ವರ್ಷದಿಂದ ಕೇಳ್ತಿದೀನಿ. ಎಲ್ಲರೂ ಸ್ವರ ತುಂಬ್ತಾರೆ. ಖಾಲಿ ಬಿಡೋ ಧೈರ್ಯ ಮಾಡಿದ್ದು ಇವರೊಬ್ರೇ."

ಮೇಷ್ಟ್ರು ಕರವಸ್ತ್ರ ತೆಗೆದರು. ಟಿಂಗ್‌ಟಾಂಗ್‌ಗೆ ಮಾತ್ರ ಮನಸ್ಸು ತಡೆಯಲಿಲ್ಲ. ಕೈ ಎತ್ತಿ ತೋರಿಸಿಯೇಬಿಟ್ಟ. "ಮೇಡಂ, ಅದು ಧೈರ್ಯ ಅಲ್ಲ. ಬೆರಳಿಗೆ ಬಾಗಿಲು ಬಡಿದಿದ್ದು."

ಆಕೆ ಬ್ಯಾಂಡೇಜನ್ನು ನೋಡಿದರು, ಅವನನ್ನು ನೋಡಿದರು. "ಕಾರಣ ಕಟ್ಕೊಂಡು ನಮಗೇನು? ಕೇಳಿದ್ದು ಚೆನ್ನಾಗಿತ್ತು. ನಲವತ್ತು ಊರಲ್ಲೂ ಹೀಗೇ ನುಡಿಸ್ಬೇಕು, ಒಂದು ಸ್ವರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕರಾರಿನಲ್ಲಿ ಬರೆಸ್ತೀನಿ."

"ಬೆರಳು ವಾಸಿಯಾದ್ಮೇಲೆ?"

"ಆಗ್ಲಿ, ಸಂತೋಷ. ಆ ಬೆರಳು ಕೀ ಮಾತ್ರ ಮುಟ್ಟಬಾರದು. ಹಾಗಂತ ಬ್ಯಾಂಡೇಜ್ ಕಟ್ಕೊಂಡು ಬರಬೇಡಿ. ಜನಕ್ಕೆ ಅದು ಕಲೆ ಅನ್ನಿಸ್ಬೇಕು, ಅಪಘಾತ ಅಲ್ಲ. ಮೊದಲ ಕಛೇರಿ ಆರು ತಿಂಗಳಿಗೆ."

ಮೂರನೇ ದಿನ ಕಾಂಪೌಂಡರ್ ಮಾಮ ಬ್ಯಾಂಡೇಜ್ ಬಿಚ್ಚಿದರು. ಬೆನ್ನ ಹಿಂದೆ ಟೀಚರಮ್ಮ ಅವನ ಸೂಟ್‌ಕೇಸ್ ಒರೆಸುತ್ತ ನಿಂತಿದ್ದರು. "ಯಾವತ್ತಪ್ಪ ಹೊರಡೋದು?"

"ಆರು ತಿಂಗಳಾದ್ಮೇಲೆ," ಎಂದರು ಪಿಯಾನೊ ಪಕ್ಕ ಕೂತಿದ್ದ ಮೇಷ್ಟ್ರು. "ಅಲ್ಲಿವರೆಗೆ ಇಲ್ಲೇ, ದಿನಕ್ಕೆ ಹನ್ನೆರಡು ಗಂಟೆ ಅಭ್ಯಾಸ."

ಟೀಚರಮ್ಮ ಸೂಟ್‌ಕೇಸಿನ ಮೇಲೆ ಕುಸಿದು ಕೂತರು.

ಟಿಂಗ್‌ಟಾಂಗ್ ನುಡಿಸತೊಡಗಿದ. ಮೂರು ದಿನ ವಿಶ್ರಾಂತಿ ಪಡೆದ ಬೆರಳು ಯಾರೂ ಎಬ್ಬಿಸದೆ ತಾನಾಗಿಯೇ ಎದ್ದು, ತನ್ನ ಸ್ವರವನ್ನು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ನುಡಿಸಿತು. ಇಪ್ಪತ್ನಾಲ್ಕು ವರ್ಷದಲ್ಲಿ ಅದು ಅಷ್ಟು ಚೆನ್ನಾಗಿ ಬಂದದ್ದು ಅದೇ ಮೊದಲು.

"ತಪ್ಪು," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. "ಮತ್ತೆ ಮೊದಲಿಂದ."